ಸಾಕು ಎಂದ ಮುಳ್ಳು

"ಗುರುಗಳೇ, ನನ್ನ ಬಳಿ ಕಲಿಯಲು ಬಂದವರಿಗೆ ಎಷ್ಟು ಹೇಳಿಕೊಟ್ಟರೂ ನನಗೆ ಸಾಲದು ಅನ್ನಿಸುತ್ತದೆ. ಕೊಡುವ ಕೈಯನ್ನು ಎಲ್ಲಿ ತಡೆಯಬೇಕು?" ಎಂದು ಶಿಷ್ಯ ಕೇಳಿದ.

ಗುರುಗಳು ಎಲೆಅಡಿಕೆಯನ್ನು ದವಡೆಗೆ ಒತ್ತರಿಸಿಕೊಂಡರು. "ಒಂದು ಕತೆ ಹೇಳುತ್ತೇನೆ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ನಾಲಗೆ ಎಲೆಅಡಿಕೆಯ ರುಚಿ ಮರೆಯಲಿ. ಸತ್ಯ ಹೇಳುವುದರಲ್ಲಿ ನನ್ನನ್ನು ಮೀರಿಸಿದವರು ಈ ಸೀಮೆಯಲ್ಲಿಲ್ಲ, ಇದ್ದರೂ ನನ್ನನ್ನು ಕಂಡು ಬಾಯಿ ಮುಚ್ಚಿಕೊಂಡಿದ್ದಾರೆ" ಎಂದು ಶುರುಮಾಡಿದರು.

ಬಳ್ಳಾರಿಯಲ್ಲಿ ಒಬ್ಬ ಅಡುಗೆಯವನಿದ್ದ. ಅಡುಗೆ ಮಾಡುವವರು ಊರಲ್ಲಿ ಬೇಕಾದಷ್ಟು ಜನ. ಬಡಿಸುವುದಕ್ಕೆ ಮಾತ್ರ ಅವನೊಬ್ಬನೇ. ಅವನು ಪಂಕ್ತಿಗೆ ಇಳಿದನೆಂದರೆ, ಮುನಿಸಿಕೊಂಡು ಬಂದ ಬೀಗರೂ ಮುನಿಸು ಮರೆತು ಸೊಂಟದ ಪಟ್ಟಿ ಸಡಿಲಿಸುತ್ತಿದ್ದರು. ಎಲೆಗೆ ಅಡ್ಡ ಹಿಡಿದ ಕೈಯ ಬೆರಳಸಂದಿಯಲ್ಲೇ ಹೋಳಿಗೆ ನುಸುಳಿಸುವ ವಿದ್ಯೆ ಅವನದು. ಉಂಡವರನ್ನು ಇಬ್ಬರು ಹಿಡಿದು ಎಬ್ಬಿಸಬೇಕಿತ್ತು. "ಮೊದಲನೇ ಸಾಕು ನಾಚಿಕೆಯದು, ಎರಡನೆಯದು ಮರ್ಯಾದೆಯದು, ಮೂರನೆಯದಕ್ಕೆ ಮಾತ್ರ ಕಿವಿ ಕೊಡಬೇಕು" ಎಂಬುದು ಅವನ ಧರ್ಮ.

ಅವನನ್ನು ಸಾಕಿದವಳು ಅಕ್ಕ. ಒಂದು ಬೇಸಿಗೆಯಲ್ಲಿ ಅಕ್ಕ ಬಿಸಿಲು ಬಡಿದು ಆಸ್ಪತ್ರೆ ಸೇರಿದಳು. ಚೇತರಿಸಿಕೊಂಡ ಮೇಲೆ ವೈದ್ಯರು, "ಮನೆಗೆ ಕರೆದುಕೊಂಡು ಹೋಗಿ. ಆದರೆ ತಣ್ಣಗಿರುವ ಕಾರಿನಲ್ಲಿ ಮಾತ್ರ. ಇನ್ನೊಮ್ಮೆ ಬಿಸಿಲು ಬಡಿದರೆ ಉಳಿಯುವುದು ಕಷ್ಟ" ಎಂದರು.

ಕಾರೇನೋ ಇತ್ತು. ಅದರ ಎಸಿ ಮಾತ್ರ ಒಲೆ ಊದಿದ ಹಾಗೆ ಊದುತ್ತಿತ್ತು. ಗ್ಯಾಸು ಕಡಿಮೆಯಾಗಿದೆ, ಗ್ಯಾರೇಜಿಗೆ ಒಯ್ಯಿರಿ ಎಂದಳು ಹೆಂಡತಿ. "ನಮ್ಮಕ್ಕನಿಗೆ ತಂಪನ್ನು ಇನ್ನೊಬ್ಬರ ಕೈಯಲ್ಲಿ ಬಡಿಸುವುದೇ?" ಎಂದು ಅವನು ಗ್ಯಾಸಿನ ಡಬ್ಬಿಗಳನ್ನೂ ಮೀಟರಿರುವ ಕೊಳವೆಯನ್ನೂ ಮನೆಗೇ ತಂದ.

ಬಾನೆಟ್ಟು ಎತ್ತಿ, ಇಂಜಿನ್ ಚಾಲೂ ಮಾಡಿ, ಎಸಿಯನ್ನು ಪೂರ್ತಿ ತಿರುಗಿಸಿ ಕೊಳವೆ ಸಿಕ್ಕಿಸಿದ. ಒಂದು ಡಬ್ಬಿ ಮುಗಿಯುವಷ್ಟರಲ್ಲಿ ಮೀಟರಿನ ಮುಳ್ಳು ಹಸಿರು ಪಟ್ಟಿಗೆ ಬಂದು ನಿಂತಿತು. ಕಾರಿನೊಳಗೆ ಎಂಥ ತಂಪೆಂದರೆ, ಹೊರಗಿನ ಬಿಸಿಲೇ ಗಾಜಿಗೆ ಮೂಗು ಒತ್ತಿ ಆಸೆಯಿಂದ ಇಣುಕಿತು.

"ಸಾಕು ಮಾಡ್ರೀ. ಮುಳ್ಳೇ ಸಾಕು ಅನ್ನುತ್ತಿದೆ" ಎಂದಳು ಹೆಂಡತಿ.

"ಅದು ನಾಚಿಕೆಯ ಸಾಕು. ನೀನು ಸುಮ್ಮನಿರು" ಎಂದು ಅವನು ಎರಡನೇ ಡಬ್ಬಿ ಸಿಕ್ಕಿಸಿದ. ಮುಳ್ಳು ಹಸಿರು ದಾಟಿತು. ಗಾಳಿ ಬೆಚ್ಚಗಾಯಿತು. ಇನ್ನೂ ಸಾಲದೆ ಹೀಗಾಗಿದೆ ಎಂದುಕೊಂಡು ಮೂರನೆಯದನ್ನೂ ಬಡಿಸಿದ. ಮುಳ್ಳು ಕೆಂಪಿಗೆ ಹೋಗಿ ಕುಳಿತಿತು. ಕಂಪ್ರೆಸರ್ ಟಕ್ಕೆಂದು ನಿಂತಿತು. ಕಾರು, ಅವನ ಪಂಕ್ತಿಯಿಂದ ಎದ್ದವರ ಹಾಗೆ, ಬಿಸಿಯುಸಿರು ಬಿಟ್ಟಿತು.

ಆಟೋ ಹಿಡಿದು ಆಸ್ಪತ್ರೆಗೆ ಹೋದ. ಅಕ್ಕ ಒಳ್ಳೆಯ ಸೀರೆ ಉಟ್ಟು, ಬಟ್ಟೆಯ ಗಂಟು ಮಡಿಲಲ್ಲಿಟ್ಟುಕೊಂಡು ಕಾದು ಕುಳಿತಿದ್ದಳು. ಅವನು ನಡೆದದ್ದನ್ನು ಮುಚ್ಚಿಡದೆ ಹೇಳಿದ.

ಅಕ್ಕ ಗಂಟನ್ನು ಪಕ್ಕಕ್ಕಿಟ್ಟಳು. "ತಮ್ಮಾ, ನಿನ್ನ ಪಂಕ್ತಿಯಲ್ಲಿ ಕೂತಾಗ ನಾನು ಅರ್ಧ ಹೊಟ್ಟೆಗೇ ಸಾಕು ಅನ್ನುತ್ತಿದ್ದೆ. ಮಿಕ್ಕಿದ್ದನ್ನು ನೀನು ಹೇಗೂ ಸುರಿಯುತ್ತೀ ಅಂತ ಗೊತ್ತಿತ್ತು. ಆ ಮುಳ್ಳಿಗೆ ಪಾಪ, ನಿನ್ನ ಗುಣ ಗೊತ್ತಿರಲಿಲ್ಲ. ಹೊಟ್ಟೆ ತುಂಬಿದ ಮೇಲೆ ಸಾಕು ಅಂದುಬಿಟ್ಟಿದೆ."

ಮರುದಿನ ಅವನು ಗ್ಯಾರೇಜಿನಲ್ಲಿ ಹೆಚ್ಚಿನ ಗ್ಯಾಸು ತೆಗೆಸಿ, ಅಕ್ಕನನ್ನು ತಣ್ಣಗೆ ಮನೆಗೆ ಕರೆತಂದ. ಮಧ್ಯಾಹ್ನ ಅವಳ ತಟ್ಟೆಗೆ ಗಂಜಿ ಬಡಿಸಿದ. ಅಕ್ಕ ಅಭ್ಯಾಸಬಲದಿಂದ "ಸಾಕು" ಎಂದಳು. ಸೌಟು ಗಾಳಿಯಲ್ಲೇ ನಿಂತಿತು. ಕೊಪ್ಪರಿಗೆಗಳನ್ನು ಹೂವಿನಂತೆ ಎತ್ತಿದ ಆ ಕೈ, ಅಷ್ಟು ಭಾರವಾದ ಸೌಟನ್ನು ಎಂದೂ ಹಿಡಿದಿರಲಿಲ್ಲ. ಆದರೂ ಒಂದು ಹನಿ ಬೀಳಲಿಲ್ಲ. ಶಭಾಷ್ ಅನ್ನಬೇಕು ಅಂಥ ಕೈಗೆ!

ಅಕ್ಕ ತಲೆಯೆತ್ತಿ ಅವನನ್ನೇ ನೋಡಿದಳು. ಆಮೇಲೆ ತಟ್ಟೆಯನ್ನು ಮುಂದೆ ಸರಿಸಿ, "ಇನ್ನೊಂದು ಸೌಟು ಹಾಕು, ಹಸಿವಾಗಿದೆ" ಎಂದು ಜನ್ಮದಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದಳು.

ಶಿಷ್ಯ ಕೈಮುಗಿದ. "ಎಲ್ಲವೂ ನಿಜವೇ ಗುರುಗಳೇ?"

"ಒಂದು ಸಣ್ಣದು ಬಿಟ್ಟು" ಎಂದರು ಗುರುಗಳು. "ಅವನು ತಂದದ್ದು ಎರಡೇ ಡಬ್ಬಿ, ಮೂರನೆಯದನ್ನು ನಿನಗೆ ಬಡಿಸಿದವನು ನಾನು."