ಸೂಲಗಿತ್ತಿಯ ಸಾಕ್ಷ್ಯ

"ಎದುರಿನವರ ಅರ್ಜಿಯಲ್ಲಿ ಕೊರತೆಯಿದ್ದರೆ ಅದನ್ನು ಎತ್ತಿ ತೋರಿಸುವುದು ವಕೀಲರ ಧರ್ಮವಲ್ಲವೇ, ಗುರುಗಳೇ?" ಎಂದು ಶೈಲಜೆ ಕೇಳಿದಳು. ಅವಳು ಕಪ್ಪು ಕೋಟು ತೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ.

ಹಿರಿಯ ವಕೀಲರಾದ ಗುರುಸಿದ್ದಪ್ಪನವರು ಧರ್ಮವೇ ಸರಿ ಎಂದು ಒಪ್ಪಿ, ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ತೀರಿಕೊಂಡ. ಅವನಿಗೆ ಒಬ್ಬನೇ ಮಗನೆಂದು ಊರು ತಿಳಿದಿತ್ತು. ಆಗ ಒಬ್ಬ ದರ್ಜಿ ಕೋರ್ಟಿಗೆ ಬಂದು, ತಾನೂ ಆ ವ್ಯಾಪಾರಿಯ ಮಗನೆಂದು ಘೋಷಿಸಬೇಕೆಂದು ದಾವೆ ಹೂಡಿದ. ಆಸ್ತಿ ಬೇಡ, ಅಪ್ಪನ ಹೆಸರು ಸಾಕು ಎಂದ. ಅವನ ತಾಯಿ ಸತ್ತು ಎಷ್ಟೋ ಕಾಲವಾಗಿತ್ತು. ನಿಜ ಬಲ್ಲವಳು ಅವನನ್ನು ಹೆತ್ತಾಗ ಬಳಿಯಿದ್ದ ಸೂಲಗಿತ್ತಿ ಒಬ್ಬಳೇ. ಅವಳು ಹಾಸಿಗೆ ಹಿಡಿದಿದ್ದಳು. ಕೋರ್ಟು ಕಮಿಷನರನ್ನು ಅವಳ ಮನೆಗೇ ಕಳಿಸಿ ಸಾಕ್ಷ್ಯ ಬರೆಸಿಕೊಳ್ಳಲಿ ಎಂದು ದರ್ಜಿಯ ಕಡೆಯವರು ಅರ್ಜಿ ಹಾಕಿದರು.

ವ್ಯಾಪಾರಿಯ ಮಗನಿಗೆ ಒಬ್ಬ ವಕೀಲನಿದ್ದ. ಕೆಟ್ಟವನಲ್ಲ, ಕಸುಬಿನ ಮೇಲೆ ಪ್ರಾಣವಿಟ್ಟವನು. ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಅರ್ಜಿಯಲ್ಲಿ ತಪ್ಪು ಆರಿಸುತ್ತಿದ್ದ. ವೈದ್ಯರ ಪ್ರಮಾಣಪತ್ರವೇ ಇಲ್ಲವೆಂದು ತಕರಾರು ಹಾಕಿದ. ನ್ಯಾಯಾಧೀಶರು ಒಪ್ಪಿ ಅರ್ಜಿಯನ್ನು ಮುಂದಕ್ಕೆ ಹಾಕಿದರು. ಪ್ರಮಾಣಪತ್ರ ಬಂತು. ಕಾಯಿಲೆಯಿದೆ ಎಂದಿದೆ, ಪ್ರಯಾಣ ಮಾಡಲಾರಳು ಎಂದಿಲ್ಲವಲ್ಲ ಎಂದ. ಅದನ್ನೂ ಒಪ್ಪಿದರು. ಆ ಸಂಜೆ ಅವನು ಖುಷಿಯಿಂದ ಊಟ ಮಾಡಿದ.

ಅತ್ತ ಮುದುಕಿ, ಕೋರ್ಟಿನವರು ಬರುತ್ತಾರೆಂದು ಬೆಳಿಗ್ಗೆಯೇ ಸೊಸೆಯಿಂದ ತಲೆ ಬಾಚಿಸಿಕೊಂಡು ಗೋಡೆಗೆ ಒರಗಿ ಕೂರುತ್ತಿದ್ದಳಂತೆ. ಕೊನೆಗೂ ಅರ್ಜಿ ಮಂಜೂರಾಯಿತು. ಕಮಿಷನರು ಹೋದಾಗ ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದರು.

ಸಾಕ್ಷ್ಯವಿಲ್ಲವೆಂದು ದಾವೆ ವಜಾ ಆಯಿತು. ದರ್ಜಿ ಯಾರ ಮೇಲೂ ಕೂಗಾಡದೆ, ಚಪ್ಪಲಿ ಮೆಟ್ಟಿಕೊಂಡು ಹೋದ.

ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ನಮ್ಮ ಕಸುಬಿನವರಿಗೆ ರುಚಿಸುವುದಿಲ್ಲ. ಆ ವಕೀಲನಿಗೂ ರುಚಿಸುತ್ತಿರಲಿಲ್ಲ. ಕಕ್ಷಿದಾರ ಹಣ್ಣುಹಂಪಲು ಹಿಡಿದು ನಗುತ್ತಾ ಬರುತ್ತಾನೆಂದು ಕಾದ. ವ್ಯಾಪಾರಿಯ ಮಗ ಬಂದವನು ಬೆಂಚಿನ ಮೇಲೆ ಕುಸಿದು ಕುಳಿತ.

"ಆ ಅಜ್ಜಿ ಏನು ಹೇಳ್ತಾಳೋ ಕೇಳಬೇಕು ಅಂತ ನನಗೂ ಇತ್ತು, ವಕೀಲರೇ. ಅವನು ಕಟಕಟೇಲಿ ನಿಂತಿದ್ದು ಥೇಟ್ ನಮ್ಮಪ್ಪ ನಿಂತ ಹಾಗೇ ಇತ್ತು. ಇನ್ನು ಅವನನ್ನ ಅಣ್ಣ ಅಂತ ಕರೆಯೋಕೂ ಆಗಲ್ಲ, ಅಲ್ಲ ಅನ್ನೋಕೂ ಆಗಲ್ಲ."

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ವಕೀಲ ಕೇಳಿದ.

"ನೆಂಟರು ಕರಕೊಂಡು ಬಂದ್ರು, ವಕಾಲತ್ತಿಗೆ ಸಹಿ ಹಾಕಿದೆ. ಆಮೇಲೆ ನನ್ನನ್ನ ಯಾರೂ ಏನೂ ಕೇಳಲಿಲ್ಲ."

ವಕೀಲನಿಗೆ ಅಳು ಬಂತು. ಕಕ್ಷಿದಾರನ ಮುಂದೆ ಅಳಬಾರದೆಂದು ಕಿಟಕಿಯ ಕಡೆಗೆ ತಿರುಗಿ ನಿಂತ. ತಾನು ಹಾಕಿದ ತಕರಾರುಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ನೋಡಿದ. ಎಲ್ಲವೂ ಸರಿಯಾಗಿದ್ದವು.

ಗುರುಸಿದ್ದಪ್ಪನವರು ಕತೆ ನಿಲ್ಲಿಸಿದರು. ಶೈಲಜೆಗೆ ಸಮಾಧಾನವಾಗಲಿಲ್ಲ. ಹಾಗಾದರೆ ಆ ವಕೀಲ ತಪ್ಪಿದ್ದು ಕಾನೂನಿನ ಯಾವ ಕಲಮಿನಲ್ಲಿ ಎಂದು ಕೇಳಿದಳು.

"ಕಾನೂನಿನಲ್ಲಿ ತಪ್ಪಿದ್ದರೆ ಮೇಲ್ಮನವಿಯಲ್ಲಾದರೂ ಸರಿಹೋಗುತ್ತಿತ್ತು, ತಾಯಿ."