ಥೂಬಾವಿ

ಬಿಳಿಗುಡ್ಡದ ಸಂತೆಬಯಲಿನ ಅಂಚಿನಲ್ಲಿ ಕಲ್ಲು ತುಂಬಿ ಮುಚ್ಚಿದ ಚೌಕ ಬಾವಿಯೊಂದಿದೆ. ಅದರ ಮುಂದಿನ ಹಲಗೆಯಲ್ಲಿ ‘ತೂಬುಬಾವಿ’ ಎಂದು ಬರೆಸಿದ್ದಾರೆ. ತೂಬು ಇರುವುದು ಕೆರೆಗೆ. ಬಾವಿಗೆ ತೂಬು ಇಟ್ಟವರನ್ನು ನಾನಂತೂ ಕಂಡಿಲ್ಲ. ಹಿರಿಯರ ಬಾಯಲ್ಲಿ ಅದು ಇಂದಿಗೂ ಥೂಬಾವಿಯೇ. ಆ ಹೆಸರು ಬರೆಸಲು ನಾಚಿದವರ ಹಿರಿಯರು, ಅದು ಬರುವಂಥ ಕೆಲಸ ಮಾಡುವಾಗ ನಾಚಿದ್ದರೆ ಚೆನ್ನಾಗಿತ್ತು.

ಹಿಂದೆ ಊರಿಗೆಲ್ಲ ಸಿಹಿನೀರು ಇದ್ದದ್ದು ಇದೊಂದರಲ್ಲೇ ಎನ್ನುತ್ತಾರೆ. ಕೆಳಗೇರಿಯವರು ಕಟ್ಟೆ ಮುಟ್ಟುವಂತಿರಲಿಲ್ಲ. ಯಾರಾದರೂ ಕನಿಕರಪಟ್ಟು ಸುರಿದರೆ ಉಂಟು, ಇಲ್ಲವಾದರೆ ಹಳ್ಳದ ಸವುಳು ನೀರೇ ಗತಿ. ಹೀಗಿರಲು ಸರ್ಕಾರದ ಕಾಯಿದೆಯೊಂದು ಬಂತು: ಸಾರ್ವಜನಿಕ ಬಾವಿ, ಕೆರೆ, ಛತ್ರಗಳಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಕೂಡದು. ಅದನ್ನು ಡಂಗುರ ಹೊಡೆದು ಸಾರಬೇಕಾದವನು ಕೆಳಗೇರಿಯ ಹುಲುಗಪ್ಪ. ತಾನೂ ನೀರು ಸೇದಬಹುದೆಂಬ ಮಾತನ್ನು ಅವನು ತಗ್ಗಿದ ದನಿಯಲ್ಲೇ ಸಾರಿದನಂತೆ. ಅವನ ಹೆಂಡತಿ ದುರುಗವ್ವನಿಗೆ ಅಷ್ಟೇ ಸಾಕಾಯಿತು. ಮಗಳು ಹಸಿಬಾಣಂತಿ, ಸವುಳು ನೀರು ಕುಡಿದರೆ ವಾಂತಿ, ಎದೆಯಲ್ಲಿ ಹಾಲು ಬತ್ತುತ್ತಿತ್ತು. ಮರುದಿನ ಬೆಳಗ್ಗೆ ದುರುಗವ್ವ ಕೊಡ, ಹಗ್ಗ ಹಿಡಿದು ಬಾವಿಗೆ ಬಂದಳು.

ಬಾವಿಯಲ್ಲಿ ಸತ್ತು ಉಬ್ಬಿದ ಎಮ್ಮೆ ತೇಲುತ್ತಿತ್ತು. ಊರಿನ ಮುಖ್ಯಸ್ಥ ವೀರನಗೌಡರ ಕೊಟ್ಟಿಗೆಯಿಂದ ಕಟ್ಟೆಯವರೆಗೆ ಎಳೆದ ಗುರುತು ಧೂಳಿನಲ್ಲಿ ಹಾಗೇ ಇತ್ತು. ಸತ್ತ ದನ ಸಾಗಿಸುವುದು ಕೆಳಗೇರಿಯವರ ಪಾಲಿನ ಕೆಲಸ. ಅದನ್ನು ಮುಟ್ಟುತ್ತಾರೆಂದೇ ಅವರು ಮೈಲಿಗೆ. ಆದರೆ ಆ ಸಲ ಕೇರಿಯ ಯಾರನ್ನೂ ಕರೆದಿರಲಿಲ್ಲ. ಹೆಣದ ನೆರಳು ಸೋಕಿದರೂ ಸ್ನಾನ ಮಾಡುತ್ತಿದ್ದ ಗೌಡರ ಮನೆಯವರು ರಾತ್ರೋರಾತ್ರಿ ಕೈಯಾರೆ ಅದರ ಕಾಲು ಹಿಡಿದು ಎಳೆದು ತಂದಿದ್ದರು. ಇದನ್ನು ಬರೆಯುವಾಗ ನನಗೆ ವಾಕರಿಕೆ ಬರುವುದು ಆ ಎಮ್ಮೆಯಿಂದಲ್ಲ. ಕಟ್ಟೆಯ ಬಳಿ ನಿಂತಿದ್ದ ಗೌಡರು, “ಏ ದುರುಗಿ, ನಿನ್ ಗಂಡನ್ನ ಕರಿ. ಇದನ್ನ ಎತ್ತಿ ಒಗದು ನೀರು ತಗೋರಿ. ಕಾಯ್ದೆ ನಿಮ್ದೇ ಐತಲ್ಲ,” ಎಂದು ನಕ್ಕರಂತೆ.

“ಎಳಕೊಂಡ್ ಬಂದ ಕೈ ನಿಮ್ಮವೇ ಅದಾವಲ್ರೀ ಗೌಡ್ರ, ಅವೇ ಎತ್ಲಿ,” ಎಂದಳು ದುರುಗವ್ವ. ‘ಥೂ’ ಎಂದು ನೆಲಕ್ಕೆ ಉಗಿದು ಖಾಲಿ ಕೊಡ ಹೊತ್ತು ತಿರುಗಿದಳು. ಕೇರಿಯ ಒಬ್ಬರೂ ಬಾವಿಗಿಳಿಯಲಿಲ್ಲ. ಹಗಲಿನಲ್ಲಿ ಎಲ್ಲರೆದುರು ಹೆಣ ಮುಟ್ಟಲು ಗೌಡರ ಮನೆಯವರೂ ಬರಲಿಲ್ಲ. ನಾರಿದ ಬಾವಿಗೆ ಕಡೆಗೆ ಕಲ್ಲು ತುಂಬಿದರು. ಊರಿಗೂರೇ ಸವುಳು ನೀರು ಕುಡಿಯಿತು. ದುರುಗವ್ವನ ಮಗಳ ಕೂಸು ಉಳಿಯಲಿಲ್ಲ ಎನ್ನುತ್ತಾರೆ.

ಇಂದು ಬಂದವರು ಆ ಕಟ್ಟೆಯನ್ನು ಮುಟ್ಟಿ ನೋಡಬಹುದು, ತಡೆಯುವವರಿಲ್ಲ. ಮೂರು ಮಗ್ಗುಲ ಕಲ್ಲಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಆಳವಾದ ಗೀರುಗಳು ಬಿದ್ದಿವೆ. ಕೆಳಗೇರಿಯ ಕಡೆಯ ಕಲ್ಲಿನಲ್ಲಿ ಒಂದೂ ಗೀರಿಲ್ಲ.