ಹಾರ್ಕನ್ ಎಂಬ ಹಳೆಯ ಶಬ್ದ

ಹೊಳೆದಂಡೆಯ ಮಠದಲ್ಲಿ ಒಬ್ಬ ಅಜ್ಜನವರಿದ್ದರು. ಕಾವಿ ಉಡುವ ಮೊದಲು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವರು. ಮನೆಮಾರು ಬಿಟ್ಟರೂ ಒಂದು ಪೆಟ್ಟಿಗೆ ಹಳೆಯ ಇಂಗ್ಲಿಷ್ ಪುಸ್ತಕ ಬಿಡಲಾಗದೆ ಹೊತ್ತುಕೊಂಡೇ ಬಂದಿದ್ದರು.

ಆ ಪೆಟ್ಟಿಗೆಗೆ ಮರುಳಾದವನು ಶಿಷ್ಯ ಕೊಟ್ರೇಶ. ಇಂಗ್ಲಿಷರೇ ಆಡುವುದು ಬಿಟ್ಟ ಶಬ್ದಗಳೆಂದರೆ ಅವನಿಗೆ ಪ್ರಾಣ. ಹೊಸದೊಂದು ಸಿಕ್ಕರೆ ಅವತ್ತು ಉಂಡನೋ ಇಲ್ಲವೋ ಅವನಿಗೇ ನೆನಪಿರುತ್ತಿರಲಿಲ್ಲ.

ಅವನಿಗೆ ಇದ್ದದ್ದು ಒಂದೇ ಆಸೆ. ಆಚೆ ದಂಡೆಯಲ್ಲಿ ಮಠದ ಶಾಲೆಯಿತ್ತು. ಅಲ್ಲಿ ಮೇಷ್ಟ್ರಾಗಬೇಕು.

"ಒಂದು ಶಬ್ದದ ಅರ್ಥ ಪೂರಾ ತಿಳಕೊಂಡು ಬಾ. ಅವತ್ತೇ ಕಳಿಸ್ತೀನಿ" ಎಂದಿದ್ದರು ಅಜ್ಜನವರು.

ಒಂದೇ ಶಬ್ದ ತಾನೆ, ಎಂದು ಕೊಟ್ರೇಶ ಹಿಗ್ಗಿದ.

"ಅಜ್ಜಾರ, ಗ್ಲೋಮಿಂಗ್ ಅಂದ್ರ ಮುಚ್ಚಂಜಿ ರೀ."

"ನಿನ್ನೆ ಮುಚ್ಚಂಜ್ಯಾಗ ಏನು ಕಂಡಿ?"

"ದೀಪದ ಮುಂದ ಪುಸ್ತಕ ಓದತಿದ್ದೆ ರೀ."

"ಹಂಗಾದ್ರ ಇನ್ನೂ ತಿಳಿದಿಲ್ಲ."

ಮರುದಿನ ಓಡುತ್ತಲೇ ಬಂದ. "ಟ್ಯಾರಿ ಅಂದ್ರ ಅವಸರ ಮಾಡಬ್ಯಾಡ, ತುಸು ತಡಿ ಅಂತ ರೀ." ಉತ್ತರಕ್ಕೂ ಕಾಯದೆ ಮುಂದಿನ ಶಬ್ದ ಹುಡುಕಲು ಓಡಿಹೋದ. ಅಜ್ಜನವರು ಮನಸಾರೆ ನಕ್ಕರು.

ಆ ಮಠದಲ್ಲೊಂದು ಪದ್ಧತಿ. ಶಿಷ್ಯರು ದಿನವೂ ಜೋಳಿಗೆ ಹಿಡಿದು ಐದು ಮನೆಗೆ ಭಿಕ್ಷೆಗೆ ಹೋಗಬೇಕು. ಜೋಳಿಗೆಯಲ್ಲಿ ಹಿಟ್ಟು ತರಬೇಕು, ಬಾಯಲ್ಲಿ ಆ ಮನೆಯವರು ಆಡಿದ ಮಾತು ತರಬೇಕು. ಊರಿನವರು ತಮ್ಮ ಕಷ್ಟಸುಖ ಮಠಕ್ಕೆ ಮುಟ್ಟಿಸುತ್ತಿದ್ದದ್ದೇ ಹೀಗೆ. ಮಾತು ಕೇಳಿಸಿಕೊಳ್ಳದೆ ಅಜ್ಜನವರು ತುತ್ತು ಎತ್ತುತ್ತಿರಲಿಲ್ಲ.

ಒಂದು ದಿನ ಭಿಕ್ಷೆಗೆ ಹೊರಡುವ ಹೊತ್ತಿಗೆ ಕೊಟ್ರೇಶನಿಗೆ ಒಂದು ಶಬ್ದ ಸಿಕ್ಕಿತು. ಹಾರ್ಕನ್. ಎಂಥ ಗತ್ತು, ಎಂಥ ಗಾಂಭೀರ್ಯ. ದಾರಿಯುದ್ದಕ್ಕೂ ಅದನ್ನೇ ಬಾಯಲ್ಲಿ ಹೊರಳಿಸುತ್ತ ನಡೆದ. ಮನೆಮನೆಯ ಮುಂದೆ ಜೋಳಿಗೆ ಚಾಚಿದ, ಹಿಟ್ಟು ಬಿತ್ತು, ಮುಂದೆ ಹೋದ. ಈ ಸಲ ಶಾಲೆ ತನ್ನದೇ ಎಂದು ಅವನ ಎದೆ ಕುಣಿಯುತ್ತಿತ್ತು.

"ಅಜ್ಜಾರ, ಸಿಕ್ತು ರೀ. ಹಾರ್ಕನ್. ಅಂದ್ರ ಬರೇ ಕೇಳೂದಲ್ಲ. ಕಿವಿಗೊಟ್ಟು, ಮನಸುಗೊಟ್ಟು ಕೇಳೂದು."

"ಭಾಳ ಚಂದ ಐತಿ" ಎಂದರು ಅಜ್ಜನವರು. "ಹನುಮವ್ವ ಏನಂದ್ಲು?"

ಕೊಟ್ರೇಶ ನೆನಪು ಕೆದಕಿದ. ಕೊನೆಯ ಮನೆಯ ಹನುಮವ್ವ ಏನೋ ಅಂದಿದ್ದಳು. ಕೈಹಿಡಿದು ಅಂದಿದ್ದಳು. ಏನೆಂದು ಮಾತ್ರ ನೆನಪಿಗೆ ಬರಲೊಲ್ಲದು.

ಅಜ್ಜನವರು ಊಟದ ಗಂಗಾಳವನ್ನು ಪಕ್ಕಕ್ಕೆ ಸರಿಸಿದರು. "ಹೋಗು, ಕೇಳ್ಕೊಂಡು ಬಾ."

ಅವನು ಓಡಿದ. ಹನುಮವ್ವ ಬಾಗಿಲಲ್ಲೇ ನಿಂತಿದ್ದಳು.

"ಹರಗೋಲು ತಡದ್ರೇನಪ್ಪಾ? ಮಗಳಿಗೆ ಹೆರಿಗಿ ನೋವು ಜೋರಾಗೈತಿ. ದವಾಖಾನಿ ಆಚೀ ದಂಡ್ಯಾಗೈತಿ."

ಒಳಗಿನಿಂದ ನರಳುವ ದನಿ ಬಂತು. ಹರಗೋಲು ತಡೆಯಲು ಹೇಳು ಎಂದೇ ಆಕೆ ಕೈಹಿಡಿದು ಅಂದದ್ದು. ಊರಿಗೆಲ್ಲ ಇದ್ದದ್ದು ಮಠದ ಹರಗೋಲು ಒಂದೇ. ಅದು ಮಧ್ಯಾಹ್ನಕ್ಕೆ ಸಂತೆಗೆ ಹೊರಟರೆ ತಿರುಗಿ ಬರುವುದು ಸಂಜೆಗೆ.

ಹೊಳೆಗೆ ಬಂದು ನೋಡಿದರೆ ಹರಗೋಲು ಆಗಲೇ ನಡುನೀರಿನಲ್ಲಿತ್ತು. ಕೊಟ್ರೇಶ ಹಿಂದೆಮುಂದೆ ನೋಡಲಿಲ್ಲ. ನೀರಿಗೆ ಹಾರಿದ. ಈಜುತ್ತ, ನೀರು ಕುಡಿಯುತ್ತ, ಅಂಬಿಗ ದುರುಗಪ್ಪನ ಹೆಸರು ಹಿಡಿದು ಕೂಗಿದ. ಕೂಗಿ ಕೂಗಿ ದನಿ ಬಿದ್ದುಹೋಗುವ ಹೊತ್ತಿಗೆ ದುರುಗಪ್ಪ ತಿರುಗಿ ನೋಡಿದ.

ಹರಗೋಲು ಹಿಂದಕ್ಕೆ ಬಂತು. ಸಂತೆಯ ಮೂಟೆಗಳು ದಡಕ್ಕೆ ಇಳಿದವು. ಬಸುರಿಯನ್ನು ಕಂಬಳಿಯಲ್ಲಿ ಹೊತ್ತು ತಂದು ಮಲಗಿಸಿದರು. ಕೊಟ್ರೇಶನೂ ಒಂದು ಹುಟ್ಟು ಹಿಡಿದ.

ದಾರಿಯುದ್ದಕ್ಕೂ ಹನುಮವ್ವ ಮಾತಾಡುತ್ತಲೇ ಇದ್ದಳು. ಹೆದರಿದ ಜೀವ, ಬಾಯಿ ಮುಚ್ಚಿದರೆ ಎದೆ ಒಡೆದೀತು. ಹಿರಿಮಗಳು ಇಂಥದೇ ಹೆರಿಗೆಯಲ್ಲಿ ಹೋದದ್ದು, ಆವತ್ತು ಹರಗೋಲು ಸಿಗದೇ ಇದ್ದದ್ದು, ಈ ಮಗಳಿಗೆ ಹುಳಿಯೆಂದರೆ ಆಸೆ ಎಂಬುದು. ಕೊಟ್ರೇಶ ಹುಟ್ಟು ಹಾಕುತ್ತ ಹೂಂ ಅಂದ, ಮತ್ತೆ ಹೂಂ ಅಂದ. ಕಣ್ಣಲ್ಲಿ ನೀರು ಬಂದದ್ದು ಅವನಿಗೆ ತಿಳಿಯಲಿಲ್ಲ.

ಅವನು ಮಠಕ್ಕೆ ಮರಳಿದಾಗ ಹೊಳೆಯ ಮೇಲೆ ಕೆಂಪು ಆರುತ್ತಿತ್ತು. ಅಜ್ಜನವರು ಮೆಟ್ಟಿಲ ಮೇಲೆ ಕೂತಿದ್ದರು. ಗಂಗಾಳ ಸರಿಸಿದಲ್ಲೇ ಇತ್ತು.

"ಹನುಮವ್ವ ಏನಂದ್ಲು?"

"ಹೆಣ್ಣು ಕೂಸು ರೀ. ತಾಯಿ, ಕೂಸು ಇಬ್ಬರೂ ಅರಾಮ ಅದಾರ" ಎಂದ ಕೊಟ್ರೇಶ. ಆಮೇಲೆ ಹರಗೋಲಿನಲ್ಲಿ ಆಕೆ ಆಡಿದ ಮಾತನ್ನೆಲ್ಲ ಒಂದೂ ಬಿಡದೆ ಹೇಳಿದ. ಅಜ್ಜನವರು ನಡುವೆ ಬಾಯಿ ಹಾಕಲಿಲ್ಲ.

ಹೇಳಿ ಮುಗಿಸಿ ತಲೆ ತಗ್ಗಿಸಿದ. "ನಾ ಮೇಷ್ಟ್ರಾಗಾಕ ಲಾಯಕ್ಕಿಲ್ಲ ರೀ, ಅಜ್ಜಾರ."

ಅಜ್ಜನವರು ಗಂಗಾಳ ಎಳೆದುಕೊಂಡು ತಣ್ಣಗಾದ ರೊಟ್ಟಿ ಮುರಿದರು. ಅರ್ಧ ಅವನ ಕೈಗಿಟ್ಟರು.

"ನಾಳೆ ಸಾಲಿಗೆ ಹೋಗು. ಹುಡುಗರು ಮಾತಾಡಿ ಮುಗಿಸಿದ ಮ್ಯಾಲೆ ಪುಸ್ತಕ ತಗಿ."